ಭಾವಚಿತ್ರ ಗೋಡೆಯ ಮೇಲೆ, ಬಾವುಟ ಗುಮ್ಮಟದ ಮೇಲೆ

ಅಮೆರಿಕದ ರಾಜ್ಯ ಶಾಸನಸಭೆಗಳ ಕಲಾಪಗಳನ್ನು ಓದುತ್ತ ಹೋದರೆ ಒಂದು ಬಗೆಯ ಕಾಗದ ಮತ್ತೆ ಮತ್ತೆ ಎದುರಾಗುತ್ತದೆ. ಯಾವುದೋ ಸಣ್ಣ ಊರಿನ ಚರ್ಚಿನಲ್ಲಿ ಇಪ್ಪತ್ತೈದೋ ನಲವತ್ತೋ ವರ್ಷ ಸೇವೆ ಸಲ್ಲಿಸಿದ ಸಭಾಪಾಲಕರು ನಿವೃತ್ತರಾಗುತ್ತಾರೆ. ಆ ಕ್ಷೇತ್ರದ ಪ್ರತಿನಿಧಿ ಸದನದಲ್ಲಿ ಒಂದು ಅಭಿನಂದನಾ ನಿರ್ಣಯ ಮಂಡಿಸುತ್ತಾರೆ. ಅವರು ಎಲ್ಲಿ ಹುಟ್ಟಿದರು, ಎಲ್ಲಿ ಓದಿದರು, ಯಾವ ವರ್ಷ ದೀಕ್ಷೆ ಪಡೆದರು, ಎಷ್ಟು ಕಟ್ಟಡ ಕಟ್ಟಿಸಿದರು, ಎಷ್ಟು ಮಕ್ಕಳು ಮೊಮ್ಮಕ್ಕಳು ಎನ್ನುವುದನ್ನೆಲ್ಲ ಒಂದೊಂದು ವಾಕ್ಯದಲ್ಲಿ ಹೇಳಿ, 'ಇಂತಿರುವುದರಿಂದ ಈ ಸದನವು ಅವರನ್ನು ಅಭಿನಂದಿಸುತ್ತದೆ' ಎಂದು ಅದು ಮುಗಿಯುತ್ತದೆ. ಚರ್ಚೆ ನಡೆಯುವುದು ಅಪರೂಪ. 'ಒಪ್ಪಿಗೆ' ಎಂಬ ಧ್ವನಿಮತದಲ್ಲಿ ಅದು ಪಾಸಾಗುತ್ತದೆ. ಅದಕ್ಕೆ ಕಾನೂನಿನ ಬಲವಿಲ್ಲ. ಒಂದು ಪ್ರತಿ ಚೌಕಟ್ಟಿನೊಳಗೆ ಸೇರಿ ಚರ್ಚಿನ ಗೋಡೆಯನ್ನೋ ಸಭಾಪಾಲಕರ ಮನೆಯ ಹಜಾರವನ್ನೋ ತಲುಪುತ್ತದೆ.

ನಮ್ಮ ವಿಧಾನಮಂಡಲದಲ್ಲಿ ಅಧಿವೇಶನದ ಮೊದಲ ದಿನ ಸಂತಾಪ ಸೂಚನೆ ನಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ತೀರಿಹೋದವರನ್ನು ನೆನೆಯುತ್ತಾರೆ. ಅಮೆರಿಕದ ಈ ರೂಢಿಯಲ್ಲಿ ಬದುಕಿರುವವರನ್ನೂ, ಅದರಲ್ಲೂ ಪತ್ರಿಕೆಗಳಲ್ಲಿ ಹೆಸರು ಬಾರದ ಸಾಮಾನ್ಯ ಪಾದ್ರಿಗಳನ್ನೂ ರಾಜ್ಯದ ದಾಖಲೆಯಲ್ಲಿ ಬರೆದಿಡುತ್ತಾರೆ. ಇತಿಹಾಸದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಇಂಥ ಕಾಗದವನ್ನು ಓದುವಾಗ ನಮ್ಮ ಕಣ್ಣು ಸಹಜವಾಗಿ ಗೌರವ ಪಡೆದವರ ಮೇಲಿರುತ್ತದೆ. ಗೌರವ ಕೊಡುತ್ತಿರುವ ಸದನ ಅದೇ ವ್ಯಕ್ತಿಯ ಜೀವಿತಾವಧಿಯಲ್ಲಿ ಏನೇನು ಮಾಡಿತ್ತು ಎಂಬ ಪ್ರಶ್ನೆಯನ್ನು ಆ ಕಾಗದ ಎತ್ತುವುದಿಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡು ಒಂದೇ ರಾಜ್ಯದ, ಮುಖ್ಯವಾಗಿ ಒಬ್ಬರದೇ ಕಥೆಯನ್ನು ಇಲ್ಲಿ ನೋಡಬಹುದು. ರಾಜ್ಯ ಸೌತ್ ಕೆರೊಲಿನಾ. ವ್ಯಕ್ತಿ ಬೆಂಜಮಿನ್ ಮೇಸ್. ಅವರ ಕಥೆ ನಡುವೆ ಒಮ್ಮೆ ನಮ್ಮ ಮೈಸೂರಿಗೂ ಬಂದು ಹೋಗುತ್ತದೆ.

ಮೇಸ್ 1890ರ ದಶಕದ ಮಧ್ಯದಲ್ಲಿ ಸೌತ್ ಕೆರೊಲಿನಾದ ಹತ್ತಿ ಬೆಳೆಯುವ ಸೀಮೆಯಲ್ಲಿ ಹುಟ್ಟಿದರು. ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ತಂದೆ ಹೆಜಕಾಯ ಗೇಣಿಗೆ ಹೊಲ ಮಾಡುತ್ತಿದ್ದರು. ಎಂಟು ಮಕ್ಕಳಲ್ಲಿ ಬೆಂಜಮಿನ್ ಕೊನೆಯವರು. ತಮ್ಮ ಆತ್ಮಕಥೆಯಲ್ಲಿ ಅವರು ತಮ್ಮ ಬದುಕಿನ ಮೊದಲ ನೆನಪು ಯಾವುದೆಂದು ಹೇಳಿದ್ದಾರೆ. 1898ರ ನವೆಂಬರ್‌ನಲ್ಲಿ, ಅವರಿಗಿನ್ನೂ ನಾಲ್ಕರ ಆಸುಪಾಸು, ಕುದುರೆ ಏರಿ ಬಂದೂಕು ಹಿಡಿದ ಬಿಳಿಯರ ಗುಂಪೊಂದು ಬಂದಿತು. ಅವರ ತಂದೆಯಿಂದ ಟೋಪಿ ತೆಗೆಸಿತು, ಮತ್ತೆ ಮತ್ತೆ ತಲೆಬಾಗಿಸಿತು, ಆಮೇಲೆ ಮುಂದಕ್ಕೆ ಹೋಯಿತು. ಹತ್ತಿರದ ಫೀನಿಕ್ಸ್ ಎಂಬಲ್ಲಿ ಚುನಾವಣೆಯ ದಿನ ಶುರುವಾದ ಗಲಭೆಯ ಮುಂದುವರಿಕೆ ಅದು. ಮತ ಹಾಕಲು ಬಿಡದೆ ತಡೆಯಲ್ಪಟ್ಟ ಕಪ್ಪು ಜನರಿಂದ ಲಿಖಿತ ಹೇಳಿಕೆ ಪಡೆಯುತ್ತಿದ್ದದ್ದೇ ಆ ಗಲಭೆಗೆ ನೆಪವಾಗಿತ್ತು. ಹಲವು ಕಪ್ಪು ಜನರು ಸತ್ತರು.

ಅವರನ್ನು ತಡೆಯುವುದಕ್ಕೆ ಕಾನೂನಿನ ಆಸರೆಯನ್ನು ಮೂರು ವರ್ಷದ ಹಿಂದೆಯೇ ಸಿದ್ಧಪಡಿಸಲಾಗಿತ್ತು. ಒಳಯುದ್ಧ ಮುಗಿದ ಮೇಲೆ, 1868ರಿಂದ ಸುಮಾರು ಎಂಟು ವರ್ಷ, ಸೌತ್ ಕೆರೊಲಿನಾದ ಪ್ರತಿನಿಧಿ ಸಭೆಯಲ್ಲಿ ಕಪ್ಪು ಸದಸ್ಯರದೇ ಬಹುಮತವಿತ್ತು. ಅಮೆರಿಕದ ಇತಿಹಾಸದಲ್ಲೇ ಅದು ಅಪರೂಪದ ಕಾಲ. ಆಗಿನ ರಾಜ್ಯ ಸೆನೆಟ್ಟಿನಲ್ಲಿ ಕೂತಿದ್ದವರಲ್ಲಿ ರಿಚರ್ಡ್ ಕೇನ್ ಒಬ್ಬರು. ಅವರು ಚಾರ್ಲ್ಸ್‌ಟನ್ ನಗರದ ಇಮ್ಯಾನ್ಯುಯೆಲ್ ಚರ್ಚಿನ ಸಭಾಪಾಲಕರು, ಮುಂದೆ ಅಮೆರಿಕದ ಸಂಸತ್ತಿಗೂ ಹೋದವರು. ಈ ಚರ್ಚಿನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 1895ರಲ್ಲಿ ಬೆನ್ ಟಿಲ್ಮನ್ ಎಂಬ ರಾಜಕಾರಣಿಯ ಮುಂದಾಳತ್ವದಲ್ಲಿ ಹೊಸ ಸಂವಿಧಾನ ಬಂತು. ಅಕ್ಷರ ಬಲ್ಲೆಯಾ, ಸಂವಿಧಾನದ ಭಾಗ ಓದಿ ಅರ್ಥ ಹೇಳಬಲ್ಲೆಯಾ, ಇಷ್ಟು ಆಸ್ತಿ ಇದೆಯಾ ಎಂಬ ಪರೀಕ್ಷೆಗಳನ್ನು ಮತದಾನಕ್ಕೆ ಒಡ್ಡಲಾಯಿತು. ಪರೀಕ್ಷಕರು ಬಿಳಿಯ ಅಧಿಕಾರಿಗಳೇ. ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆ ಎಂಬುದೂ ಆ ಸಂವಿಧಾನದಲ್ಲೇ ಸೇರಿತು. 1898ರಲ್ಲಿ ರೈಲಿನಲ್ಲಿ ಬೇರೆ ಡಬ್ಬಿಯ ಕಾನೂನಾಯಿತು. 1902ರ ನಂತರ ಶಾಸನಸಭೆಯಲ್ಲಿ ಒಬ್ಬ ಕಪ್ಪು ಸದಸ್ಯನೂ ಉಳಿಯಲಿಲ್ಲ.

ಬೆಂಜಮಿನ್ ಓದಿದ ಹಳ್ಳಿಯ ಶಾಲೆ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ನಡೆಯುತ್ತಿತ್ತು. ಉಳಿದ ತಿಂಗಳು ಹೊಲದ ಕೆಲಸ. ಆರೆಂಜ್‌ಬರ್ಗ್ ಊರಿನಲ್ಲಿ ರಾಜ್ಯವೇ ಕಪ್ಪು ಜನರಿಗಾಗಿ ನಡೆಸುತ್ತಿದ್ದ ಕಾಲೇಜಿಗೆ ಸೇರಿದ ಪ್ರೌಢಶಾಲೆಯಲ್ಲಿ ಓದಿ, 1916ರಲ್ಲಿ ತರಗತಿಗೆ ಮೊದಲಿಗರಾಗಿ ಹೊರಬಂದರು. ರಾಜ್ಯ ಅವರಿಗೆ ಕೊಟ್ಟದ್ದು ಇದು, ಅದನ್ನು ಲೆಕ್ಕದಿಂದ ಬಿಡಬಾರದು. ಆದರೆ ಮುಂದೆ ಓದಲು ಅವರು ಹೊರಗೆ ಹೋಗಲೇಬೇಕಾಯಿತು. ಉತ್ತರದ ಮೇನ್ ರಾಜ್ಯದ ಬೇಟ್ಸ್ ಕಾಲೇಜಿನಲ್ಲಿ 1920ರಲ್ಲಿ ಪದವಿ. ಆಮೇಲೆ ಬ್ಯಾಪ್ಟಿಸ್ಟ್ ಪಂಥದಲ್ಲಿ ದೀಕ್ಷೆ ಪಡೆದು ಅಟ್ಲಾಂಟಾದ ಶೈಲೋ ಚರ್ಚಿನಲ್ಲಿ ಸಭಾಪಾಲಕರಾದರು. ಮುಂದೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಎಂ.ಎ., 1935ರಲ್ಲಿ ಪಿಎಚ್.ಡಿ.

ಮೇಸ್ ಸ್ವಂತ ಚರ್ಚಿನ ಹೊಣೆ ಹೊತ್ತದ್ದು ಕೆಲವೇ ವರ್ಷ. ಆದರೆ ಕಪ್ಪು ಜನರ ಚರ್ಚನ್ನು ಅವರಷ್ಟು ನಿಷ್ಠುರವಾಗಿಯೂ ಪ್ರೀತಿಯಿಂದಲೂ ಅಭ್ಯಾಸ ಮಾಡಿದವರು ಆ ಕಾಲದಲ್ಲಿ ವಿರಳ. 1933ರಲ್ಲಿ ಜೋಸೆಫ್ ನಿಕೋಲ್ಸನ್ ಜೊತೆ ಅವರು ಬರೆದ 'ದಿ ನೀಗ್ರೋಸ್ ಚರ್ಚ್' ಎಂಬ ಪುಸ್ತಕ 609 ನಗರ ಚರ್ಚುಗಳನ್ನೂ 185 ಹಳ್ಳಿ ಚರ್ಚುಗಳನ್ನೂ ನೇರವಾಗಿ ನೋಡಿ ಬರೆದದ್ದು. ಚರ್ಚುಗಳು ಅಗತ್ಯಕ್ಕಿಂತ ಹೆಚ್ಚು, ಕಟ್ಟಡದ ಸಾಲ ಭಾರ, ಪಾದ್ರಿಗಳ ವಿದ್ಯಾಭ್ಯಾಸ ಕಡಿಮೆ, ಉಪದೇಶದ ತುಂಬ ಪರಲೋಕದ ಮಾತು ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಅದೇ ಪುಸ್ತಕದಲ್ಲಿ, ಕಪ್ಪು ಜನರು ತಾವೇ ಕಟ್ಟಿ ತಾವೇ ಹಣ ಹಾಕಿ ತಾವೇ ನಡೆಸುವ ಸಂಸ್ಥೆ ಇದೇ ಎಂಬುದನ್ನೂ ತೋರಿಸಿಕೊಟ್ಟರು. ಹೊರಗೆ ಎಲ್ಲೂ ಅಧ್ಯಕ್ಷನಾಗಲು, ಖಜಾಂಚಿಯಾಗಲು, ಮತ ಹಾಕಲು ಆಗದವನು ಚರ್ಚಿನಲ್ಲಿ ಅದೆಲ್ಲವೂ ಆಗುತ್ತಿದ್ದ. ಶಾಸನಸಭೆ ಒಬ್ಬ ಕಪ್ಪು ಪಾದ್ರಿಯ 'ದೀರ್ಘ ಸೇವೆ'ಯನ್ನು ಹೊಗಳುವಾಗ ಈ ಹಿನ್ನೆಲೆ ತಿಳಿದಿರಬೇಕು. ಶಾಸನಸಭೆ ಬಾಗಿಲು ಮುಚ್ಚಿದ್ದರಿಂದಲೇ ಚರ್ಚು ಶಾಲೆಯೂ ಸಾಲದ ಸಂಘವೂ ಸಾರ್ವಜನಿಕ ಸಭೆಯೂ ಆಗಬೇಕಾಯಿತು. ಸಭಾಪಾಲಕನ ಹೆಗಲ ಮೇಲೆ ಬಿದ್ದ ಸೇವೆಯಲ್ಲಿ ಒಂದು ಭಾಗ ರಾಜ್ಯ ಮಾಡದೆ ಬಿಟ್ಟ ಕೆಲಸ.

1934ರಲ್ಲಿ ಮೇಸ್ ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದ ಡೀನ್ ಆದರು. ಆ ಹುದ್ದೆಯಲ್ಲಿರುವಾಗಲೇ ಮೈಸೂರಿಗೆ ಬಂದರು. 1937ರ ಜನವರಿಯಲ್ಲಿ ವೈ.ಎಂ.ಸಿ.ಎ.ಯ ಜಾಗತಿಕ ಸಮ್ಮೇಳನ ಮೈಸೂರಿನಲ್ಲಿ ಸೇರಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಅದು. ದಾರಿಯಲ್ಲಿ ಮೇಸ್ ಮತ್ತು ಅವರ ಜೊತೆಗಾರ ಚಾನಿಂಗ್ ಟೋಬಿಯಾಸ್ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡು ಅಹಿಂಸೆಯ ಬಗ್ಗೆ ದೀರ್ಘವಾಗಿ ಮಾತಾಡಿದ್ದರು. ಅಮೆರಿಕದ ನಾಗರಿಕ ಹಕ್ಕು ಚಳವಳಿಯ ಇತಿಹಾಸಕಾರರು ಆ ಭೇಟಿಯನ್ನು ಸಾಮಾನ್ಯವಾಗಿ ನೆನೆಯುತ್ತಾರೆ. ಕನ್ನಡಿಗರಾದ ನಮಗೆ ಹೆಚ್ಚು ತಟ್ಟಬೇಕಾದದ್ದು ಮೈಸೂರಿನಲ್ಲಿ ನಡೆದ ಇನ್ನೊಂದು ಘಟನೆ. ಅದನ್ನೂ ಮೇಸ್ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಹತ್ತಿರದ ಹಳ್ಳಿಯೊಂದರಲ್ಲಿ ಆಗ ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳಿಗಾಗಿ ಒಂದು ಶಾಲೆಯಿತ್ತು. ಅದರ ಮುಖ್ಯೋಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ಮುಂದೆ ಮಾತಾಡಲು ಮೇಸ್ ಅವರನ್ನು ಕರೆದರು. ಸಮ್ಮೇಳನಕ್ಕೆ ಬಂದ ಅಷ್ಟೊಂದು ವಿದೇಶಿಯರಲ್ಲಿ ಅವರಿಗೆ ಬೇಕಾಗಿದ್ದದ್ದು ಒಬ್ಬ ಕಪ್ಪು ಮನುಷ್ಯ. ಪರಿಚಯ ಮಾಡಿಕೊಡುವಾಗ ಅವರು ಹೇಳಿದ್ದರ ಸಾರ ಇಷ್ಟು: ಇವರೂ ಅಮೆರಿಕದ ಅಸ್ಪೃಶ್ಯರು, ನೀವು ಇಲ್ಲಿ ಅನುಭವಿಸುವ ಅವಮಾನವನ್ನೆಲ್ಲ ಇವರು ಅಲ್ಲಿ ಅನುಭವಿಸಿದ್ದಾರೆ, ಆದರೂ ದೊಡ್ಡ ಸಾಧನೆ ಮಾಡಿದ್ದಾರೆ. ಮೇಸ್ ಮೊದಲು ಬೆಚ್ಚಿದರು, ಸಿಟ್ಟಾದರು. ವಿಶ್ವವಿದ್ಯಾಲಯದ ಡೀನ್‌ಗೆ ಇಂಥ ಮಾತೇ? ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ತನ್ನ ನಾಡಿನಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ತಾನು ಇರುವುದೇ ಹಾಗೆ ಎಂದು ಅವರಿಗೆ ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ ಅನ್ನಿಸಿತು.

ಹಳ್ಳಿ ಶಾಲೆಯ ಆ ಪರಿಚಯದ ಮಾತು ನನಗೆ ಇಲ್ಲಿ ಅಳತೆಗೋಲಿನಂತೆ ಕಾಣುತ್ತದೆ. ಅದೂ ಒಂದು ಸನ್ಮಾನವೇ. ಅದರಲ್ಲಿ ಎರಡು ಅರ್ಧಗಳಿದ್ದವು: ಈ ಮನುಷ್ಯನಿಗೆ ಮಾಡಿದ ಅನ್ಯಾಯ, ಈ ಮನುಷ್ಯ ಮಾಡಿದ ಸಾಧನೆ. ಕೇಳುತ್ತ ಕೂತ ಮಕ್ಕಳಿಗೆ ಎರಡೂ ಬೇಕಿತ್ತು. ಬರೀ ಸಾಧನೆ ಹೇಳಿದ್ದರೆ ಅವರು ಯಾರೋ ದೂರದ ದೊಡ್ಡವರಾಗುತ್ತಿದ್ದರು, ಬರೀ ಅನ್ಯಾಯ ಹೇಳಿದ್ದರೆ ಇನ್ನೊಬ್ಬ ನೊಂದವರಾಗುತ್ತಿದ್ದರು. ಶಾಸನಸಭೆಗಳ ಅಭಿನಂದನಾ ನಿರ್ಣಯಗಳಲ್ಲಿ ಸಾಮಾನ್ಯವಾಗಿ ಎರಡನೆಯ ಅರ್ಧ ಮಾತ್ರ ಇರುತ್ತದೆ. ಮೊದಲನೆಯ ಅರ್ಧ ಬರೆಯಬೇಕಾದರೆ ಕರ್ತೃವಿನ ಜಾಗದಲ್ಲಿ ಆ ಸದನದ ಹೆಸರೇ ಬರಬೇಕಾಗುತ್ತದೆ.

ಮೇಸ್ ಅವರ ಮುಂದಿನ ಸೇವೆ ಪ್ರಸಿದ್ಧವಾದದ್ದು. 1940ರಿಂದ 1967ರವರೆಗೆ, 27 ವರ್ಷ, ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದರು. ವಾರವಾರ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ವಿದ್ಯಾರ್ಥಿಗಳೊಂದಿಗೆ ಮಾತಾಡುತ್ತಿದ್ದರು. 1944ರಲ್ಲಿ ಹದಿನೈದರ ವಯಸ್ಸಿಗೆ ಆ ಕಾಲೇಜು ಸೇರಿದ ಮಾರ್ಟಿನ್ ಲೂಥರ್ ಕಿಂಗ್ ಆ ಮಾತುಗಳನ್ನು ಕೇಳಿ ಬೆಳೆದವರು. ಅಮೆರಿಕದ ಪ್ರೊಟೆಸ್ಟೆಂಟ್ ಚರ್ಚುಗಳ ಒಕ್ಕೂಟದ ಉಪಾಧ್ಯಕ್ಷರಾಗಿ, ಮುಂದೆ ಜಾಗತಿಕ ಚರ್ಚುಗಳ ಒಕ್ಕೂಟದ ಕೇಂದ್ರ ಸಮಿತಿಯಲ್ಲಿ ಮೇಸ್ ಕೆಲಸ ಮಾಡಿದರು. 1963ರ ವಾಷಿಂಗ್ಟನ್ ಮಹಾಮೆರವಣಿಗೆ ಮುಗಿದದ್ದು ಅವರ ಆಶೀರ್ವಾದದ ಪ್ರಾರ್ಥನೆಯೊಂದಿಗೆ. 1968ರ ಏಪ್ರಿಲ್‌ನಲ್ಲಿ ಮೂವತ್ತೊಂಬತ್ತು ವರ್ಷದ ಶಿಷ್ಯನ ಅಂತ್ಯಕ್ರಿಯೆಯಲ್ಲಿ ಮಾತಾಡಿದವರೂ ಎಪ್ಪತ್ತು ದಾಟಿದ ಈ ಗುರುವೇ. ನಿವೃತ್ತಿಯ ನಂತರ ಅಟ್ಲಾಂಟಾದ ಶಾಲಾ ಮಂಡಳಿಗೆ ಆಯ್ಕೆಯಾಗಿ, ಹತ್ತು ವರ್ಷಕ್ಕೂ ಮಿಕ್ಕಿ ಅದರ ಅಧ್ಯಕ್ಷರಾಗಿದ್ದರು.

ಈ ಪಟ್ಟಿಯಲ್ಲಿ ಒಂದನ್ನು ಗಮನಿಸಿ. ಸೇವೆ ಬಹುಪಾಲು ಜಾರ್ಜಿಯಾದಲ್ಲಿ, ವಾಷಿಂಗ್ಟನ್ನಿನಲ್ಲಿ, ಪರದೇಶಗಳಲ್ಲಿ ನಡೆದದ್ದು. ಹುಟ್ಟಿದ ಸೌತ್ ಕೆರೊಲಿನಾದಲ್ಲಿ ನಡೆದದ್ದು ತೀರ ಕಡಿಮೆ. ಹಾಗಿದ್ದೂ 1980ರ ಹೊತ್ತಿಗೆ ಸೌತ್ ಕೆರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿ, ಶಾಸನಸಭಾ ಭವನದ ಗೋಡೆಯ ಮೇಲೆ ಬೆಂಜಮಿನ್ ಮೇಸ್ ಅವರ ಭಾವಚಿತ್ರ ಏರಿತು. ತಾನು ಇಟ್ಟುಕೊಳ್ಳಲಾಗದೆ ಹೊರಗೆ ಕಳಿಸಿದ ಮಗನ ಸೇವೆಯನ್ನು ರಾಜ್ಯ ತನ್ನದೆಂದು ಹೇಳಿಕೊಂಡಿತು.

ಇದು ತಾನಾಗಿ ಆದದ್ದಲ್ಲ. 1965ರ ಮತದಾನ ಹಕ್ಕು ಕಾಯಿದೆ ಬಂದ ಮೇಲೆ, 1970ರ ಚುನಾವಣೆಯಲ್ಲಿ ಮೂವರು ಕಪ್ಪು ಸದಸ್ಯರು ಪ್ರತಿನಿಧಿ ಸಭೆಗೆ ಗೆದ್ದುಬಂದರು. ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ ಮೊದಲ ಸಲ. 1983ರಲ್ಲಿ ಸೆನೆಟ್ಟಿಗೂ ಹತ್ತೊಂಬತ್ತನೆಯ ಶತಮಾನದ ನಂತರದ ಮೊದಲ ಕಪ್ಪು ಸದಸ್ಯರು ಬಂದರು. ಅವರು ಐಸಾಯ ಡಿಕ್ವಿನ್ಸಿ ನ್ಯೂಮನ್, ಮೆಥಡಿಸ್ಟ್ ಪಾದ್ರಿ. ಯಾರನ್ನು ಗೌರವಿಸಬೇಕು ಎಂದು ಕೇಳುವವರು ಸದನದೊಳಗೆ ಕೂತ ಮೇಲೆಯೇ ಗೋಡೆಯ ಮೇಲಿನ ಮುಖಗಳು ಬದಲಾಗಲು ಶುರುವಾದವು.

ಆದರೆ ಭಾವಚಿತ್ರ ಏರಿದ ಅದೇ ಭವನದ ಗುಮ್ಮಟದ ಮೇಲೆ ಆಗ ಕಾನ್ಫೆಡರೇಟ್ ಬಾವುಟ ಹಾರುತ್ತಿತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಯುದ್ಧದ ಬಾವುಟ ಅದು. ಒಳಯುದ್ಧದ ಶತಮಾನೋತ್ಸವದ ನೆಪದಲ್ಲಿ, ನಾಗರಿಕ ಹಕ್ಕುಗಳ ಹೋರಾಟ ಬಿಸಿಯೇರುತ್ತಿದ್ದ ಹೊತ್ತಿನಲ್ಲಿ, 1962ರಲ್ಲಿ ಅದನ್ನು ಅಲ್ಲಿ ಹಾರಿಸಬೇಕೆಂದು ಶಾಸನಸಭೆ ತೀರ್ಮಾನಿಸಿತ್ತು. ತೀರ್ಮಾನಿಸಿದ್ದು ಹೇಗೆ? ಎರಡೂ ಸದನಗಳು ಒಪ್ಪಿದ ಒಂದು ನಿರ್ಣಯದ ಮೂಲಕ. ಪಾದ್ರಿಗಳನ್ನು ಅಭಿನಂದಿಸಲು ಬಳಸುವ ಜಾತಿಯದೇ ಸಾಧನ. ಅದಕ್ಕೆ ರಾಜ್ಯಪಾಲರ ಸಹಿ ಬೇಕಿಲ್ಲ, ಅದು ಕಾಯಿದೆಯೂ ಅಲ್ಲ. ಬಾವುಟ ಯಾವಾಗ ಇಳಿಯಬೇಕು ಎಂದು ಆ ನಿರ್ಣಯ ಹೇಳಿರಲಿಲ್ಲ. ಅದು 38 ವರ್ಷ ಹಾರಿತು.

ಹಾಗಾಗಿ 'ನಿರ್ಣಯ ತಾನೇ, ಬರೀ ಮಾತು' ಎನ್ನುವಂತಿಲ್ಲ. ಸದನದ ಮಾತಿಗೆ ತೂಕವಿದೆ. 2007ರಲ್ಲಿ ವರ್ಜೀನಿಯಾದ ಶಾಸನಸಭೆ ಗುಲಾಮಗಿರಿಯಲ್ಲಿ ತನ್ನ ರಾಜ್ಯದ ಪಾತ್ರಕ್ಕೆ ವಿಷಾದ ವ್ಯಕ್ತಪಡಿಸಿದ್ದೂ ಒಂದು ನಿರ್ಣಯದಲ್ಲೇ. ಅಂದರೆ ಮನಸ್ಸಿದ್ದರೆ ಮೊದಲನೆಯ ಅರ್ಧವನ್ನು ಬರೆಯಲು ಆ ಸಾಧನದಲ್ಲೇ ಜಾಗವಿದೆ.

ಸೌತ್ ಕೆರೊಲಿನಾದಲ್ಲಿ ಗೌರವಕ್ಕೂ ಬಾವುಟಕ್ಕೂ ಮುಖಾಮುಖಿಯಾದದ್ದು 2015ರಲ್ಲಿ. ಅಷ್ಟರಲ್ಲಿ, 2000ದ ಒಂದು ರಾಜಿಯ ಪ್ರಕಾರ, ಬಾವುಟ ಗುಮ್ಮಟದಿಂದ ಇಳಿದು ಭವನದ ಮುಂದಿನ ಸೈನಿಕ ಸ್ಮಾರಕದ ಪಕ್ಕದ ಕಂಬಕ್ಕೆ ಬಂದಿತ್ತು. ಜೊತೆಗೇ ಒಂದು ಬೀಗವನ್ನೂ ಹಾಕಿದ್ದರು: ಅದನ್ನು ಅಲ್ಲಿಂದ ತೆಗೆಯಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. 2015ರ ಜೂನ್ 17ರ ಬುಧವಾರ ಸಂಜೆ ಚಾರ್ಲ್ಸ್‌ಟನ್‌ನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಸೇರಿದ್ದ ಒಂಬತ್ತು ಮಂದಿಯನ್ನು ಬಿಳಿಯ ಜನಾಂಗವಾದಿ ಯುವಕನೊಬ್ಬ ಗುಂಡಿಕ್ಕಿ ಕೊಂದ. ಸತ್ತವರಲ್ಲಿ ಒಬ್ಬರು ಸಭಾಪಾಲಕ ಕ್ಲೆಮೆಂಟ ಪಿಂಕ್ನಿ. ರಿಚರ್ಡ್ ಕೇನ್ ಹಾಗೆಯೇ ಇವರೂ ಆ ಚರ್ಚಿನ ಪಾದ್ರಿ, ರಾಜ್ಯ ಸೆನೆಟ್ಟಿನ ಸದಸ್ಯ. ಹದಿಮೂರಕ್ಕೇ ಉಪದೇಶ ಶುರು ಮಾಡಿ, ಹದಿನೆಂಟಕ್ಕೆ ಸಭಾಪಾಲಕರಾಗಿ, ಇಪ್ಪತ್ತಮೂರಕ್ಕೆ ಪ್ರತಿನಿಧಿ ಸಭೆಗೆ ಆಯ್ಕೆಯಾದವರು. ಸಾಯುವಾಗ ವಯಸ್ಸು 41.

ಜೂನ್ 24ರಂದು ಪಿಂಕ್ನಿ ಅವರ ಪಾರ್ಥಿವ ಶರೀರವನ್ನು ಸಾರ್ವಜನಿಕರ ದರ್ಶನಕ್ಕೆಂದು ಶಾಸನಸಭಾ ಭವನದ ಗುಮ್ಮಟದ ಕೆಳಗೆ ಇಟ್ಟರು. ರಾಜ್ಯ ಕೊಡಬಹುದಾದ ಅತಿ ದೊಡ್ಡ ಗೌರವಗಳಲ್ಲಿ ಅದು ಒಂದು. ಭವನದ ಮೇಲಿನ ರಾಷ್ಟ್ರಧ್ವಜ, ರಾಜ್ಯಧ್ವಜ ಅರ್ಧಕ್ಕೆ ಇಳಿದಿದ್ದವು. ಮುಂದಿನ ಕಂಬದ ಕಾನ್ಫೆಡರೇಟ್ ಬಾವುಟ ಮಾತ್ರ ಕಾನೂನಿನ ಕಾವಲಿನಲ್ಲಿ ಪೂರ್ತಿ ಎತ್ತರದಲ್ಲಿ ಹಾರುತ್ತಿತ್ತು. ಒಳಗೆ ಗೌರವ, ಹೊರಗೆ ಬಾವುಟ. ಮೇಸ್ ಭಾವಚಿತ್ರದ ಕಾಲದಲ್ಲಿ ಯಾರೂ ಬೇಕಿದ್ದರೆ ನೋಡದೆ ಇರಬಹುದಾಗಿದ್ದ ವಿರೋಧಾಭಾಸ ಈಗ ಲೋಕದ ಕ್ಯಾಮೆರಾಗಳ ಮುಂದಿತ್ತು.

ಮುಂದಿನ ಎರಡು ವಾರದಲ್ಲಿ ಶಾಸನಸಭೆ ಬಾವುಟ ತೆಗೆಯುವ ಮಸೂದೆಯನ್ನು ಕೈಗೆತ್ತಿಕೊಂಡಿತು. ಪ್ರತಿನಿಧಿ ಸಭೆಯಲ್ಲಿ ತಿದ್ದುಪಡಿಗಳ ಮೇಲೆ ತಿದ್ದುಪಡಿ ಬಂದು, ಸುಮಾರು 13 ಗಂಟೆ ಚರ್ಚೆ ನಡೆದು, ಜುಲೈ 9ರ ನಡುರಾತ್ರಿ ಕಳೆದ ಮೇಲೆ 94ಕ್ಕೆ 20 ಮತಗಳಿಂದ ಅದು ಪಾಸಾಯಿತು. ಜುಲೈ 10ರ ಬೆಳಿಗ್ಗೆ ಬಾವುಟ ಇಳಿಯಿತು. ಮರುವರ್ಷ ಪಿಂಕ್ನಿ ಅವರ ಭಾವಚಿತ್ರ ಸೆನೆಟ್ ಸಭಾಂಗಣದಲ್ಲಿ ಸ್ಥಾನ ಪಡೆಯಿತು.

ಹೋಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಭಿನಂದನಾ ನಿರ್ಣಯಕ್ಕೆ ಸಾಲುವುದು ನಿಮಿಷಗಳು. ಬಾವುಟಕ್ಕೆ ಬೇಕಾದದ್ದು ಮೂರನೇ ಎರಡರಷ್ಟು ಮತ, ಒಂದು ಇಡೀ ಹಗಲು, ಅರ್ಧ ರಾತ್ರಿ, ಎಲ್ಲಕ್ಕೂ ಮೊದಲು ಒಂಬತ್ತು ಜೀವ. ಮೊದಲನೆಯದರಲ್ಲಿ ಸದನ ಬೇರೊಬ್ಬರ ಬಗ್ಗೆ ಮಾತಾಡುತ್ತದೆ. ಎರಡನೆಯದರಲ್ಲಿ ತನ್ನ ಬಗ್ಗೆಯೇ ಮಾತಾಡಬೇಕಾಯಿತು. ಮೈಸೂರಿನ ಮುಖ್ಯೋಪಾಧ್ಯಾಯರು ಒಂದೇ ಉಸಿರಿನಲ್ಲಿ ಹೇಳಿದ ಎರಡು ಅರ್ಧಗಳನ್ನು ಒಂದು ಶಾಸನಸಭೆ ಒಟ್ಟಿಗೆ ತರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಈ ದಿನಾಂಕಗಳೇ ಹೇಳುತ್ತವೆ.

ಇದರಿಂದ ಹಳ್ಳಿಯ ಪಾದ್ರಿಗಳಿಗೆ ಸಲ್ಲುವ ಅಭಿನಂದನೆ ಸುಳ್ಳು ಎಂದಾಗುವುದಿಲ್ಲ. ಮತದ ಹಕ್ಕೇ ಇಲ್ಲದೆ ಹುಟ್ಟಿ ಬೆಳೆದ ಹಿರಿಯರೊಬ್ಬರ ಹೆಸರು ರಾಜ್ಯದ ದಾಖಲೆಯಲ್ಲಿ ಮರ್ಯಾದೆಯಿಂದ ಅಚ್ಚಾಗುವುದು, ಅವರ ಸಭೆಯ ಜನ ಅದನ್ನು ಗೋಡೆಗೆ ಹಾಕಿಕೊಳ್ಳುವುದು ದೊಡ್ಡ ಸಂಗತಿಯೇ. ಮುಂದೆ ಇತಿಹಾಸ ಬರೆಯುವವರಿಗೆ ಎಷ್ಟೋ ಸಣ್ಣ ಚರ್ಚುಗಳ ಬಗ್ಗೆ ಸಿಗುವ ಅಧಿಕೃತ ಮಾತು ಅದೊಂದೇ ಆಗಿರಲೂಬಹುದು. ಅದನ್ನು ಓದುವಾಗ ಪಕ್ಕದಲ್ಲಿ ಅದೇ ಸದನದ ಹಳೆಯ ಕಡತವನ್ನೂ ತೆರೆದಿಟ್ಟುಕೊಳ್ಳಬೇಕು ಅಷ್ಟೆ. ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಸರ್ಕಾರ ಘೋಷಿಸಿರುವ, ವಿಧಾನಸೌಧದ ಮುಂದೆ ಅಂಬೇಡ್ಕರ್ ಪ್ರತಿಮೆ ನಿಲ್ಲಿಸಿರುವ ನಮ್ಮ ರಾಜ್ಯದಲ್ಲೂ ಗೌರವ ಯಾವಾಗ ನಮಗೆ ಬೆಲೆ ಕೇಳುತ್ತದೆ, ಯಾವಾಗ ಕೇಳುವುದಿಲ್ಲ ಎಂದು ಗಮನಿಸುವುದು ಒಳ್ಳೆಯದು.

ಬೆಂಜಮಿನ್ ಮೇಸ್ 1984ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರು ಹುಟ್ಟಿದ ಮರದ ಮನೆಯನ್ನು ಎತ್ತಿ ತಂದು ಗ್ರೀನ್‌ವುಡ್ ಊರಿನಲ್ಲಿ ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕೊಲಂಬಿಯಾದ ಶಾಸನಸಭಾ ಭವನದ ಆವರಣದಲ್ಲಿ 1940ರಲ್ಲಿ ನಿಲ್ಲಿಸಿದ ಬೆನ್ ಟಿಲ್ಮನ್ ಪ್ರತಿಮೆ ಇನ್ನೂ ಅಲ್ಲೇ ನಿಂತಿದೆ.